ನಗಾರಖಾನೆಯ ಶಿಲೆಗಳು ಮತ್ತು ಭೀಮಾತೀರದ ಊರುಗಳು

ವಿಜಯಪುರಕ್ಕೆ ಹೋದವರಲ್ಲಿ ಗೋಳಗುಮ್ಮಟವನ್ನು ನೋಡದೆ ಮರಳುವವರು ವಿರಳ. ಅದರ ಮುಂದೆಯೇ ನಿಂತಿರುವ ನಗಾರಖಾನೆಯೊಳಗೆ ಕಾಲಿಡದೆ ಮರಳುವವರು ಬಹಳ. ಶಾಲೆಯ ಪ್ರವಾಸದ ಬಸ್ಸು ಬಂದು ನಿಂತೊಡನೆ ಮಕ್ಕಳ ದೃಷ್ಟಿ ಆ ಮಹಾಗೋಲದ ಮೇಲೆ ನೆಡುತ್ತದೆ. ಮೇಲಿನ ಮೊಗಸಾಲೆಗೆ ಏರಿ, ಕೂಗಿ, ತಮ್ಮ ಕೂಗು ಮತ್ತೆ ಮತ್ತೆ ಮರಳಿ ಬರುವುದನ್ನು ಕೇಳಬೇಕೆಂಬ ಆತುರ ಅವರಿಗೆ. ಅದು ಸಹಜವೇ. ಆದರೆ ಇಂಡಿ ತಾಲೂಕಿನ ಅಗರಖೇಡದಂತಹ ಭೀಮಾತೀರದ ಊರಿನಿಂದ ಬಂದ ಒಬ್ಬ ವಿದ್ಯಾರ್ಥಿಗೆ ಅವನ ಸ್ವಂತ ನಾಡಿನ ಚರಿತ್ರೆ ಹತ್ತಿರದಿಂದ ಕಾಣಸಿಗುವುದು ಗುಮ್ಮಟದ ಒಳಗಲ್ಲ, ಹೊರಗಿನ ಈ ನಗಾರಖಾನೆಯಲ್ಲಿ.

ನಗಾರಖಾನೆಯೆಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ. ಎತ್ತರವಾದ ಕಂಬಗಳ, ವಿಶಾಲವಾದ ಕಮಾನುಗಳ ಆದಿಲಶಾಹಿ ವಾಸ್ತುವಿಗೆ ಇದೊಂದು ಉತ್ತಮ ನಿದರ್ಶನ. 1892ರಲ್ಲಿ ಆಂಗ್ಲ ಅಧಿಕಾರಿಗಳು ಕೂಡಿಸಿದ ಪ್ರಾಚೀನ ವಸ್ತುಗಳಿಂದ ಇಲ್ಲಿಯ ಸಂಗ್ರಹಾಲಯವು ಆರಂಭವಾಯಿತು. ಜಿಲ್ಲೆಯ ಮುಖ್ಯಸ್ಥಾನವು ಕಲಾದಗಿಯಿಂದ ವಿಜಾಪುರಕ್ಕೆ ಬಂದು ಆಗ ಇನ್ನೂ ಹತ್ತು ವರ್ಷಗಳೂ ಆಗಿರಲಿಲ್ಲ. ಮೊದಲು ಜಿಲ್ಲಾ ಮಟ್ಟದ ಸಂಗ್ರಹವಾಗಿದ್ದ ಇದನ್ನು 1982ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ವಹಿಸಿಕೊಂಡಿತು. ಕೆಳ ಅಂತಸ್ತಿನಲ್ಲಿ ಮೂರು, ಮೇಲಂತಸ್ತಿನಲ್ಲಿ ಮೂರು, ಹೀಗೆ ಆರು ವಿಭಾಗಗಳಲ್ಲಿ ವಸ್ತುಗಳನ್ನು ಜೋಡಿಸಲಾಗಿದೆ.

ಮೇಲಂತಸ್ತು ಅರಮನೆಯ ಲೋಕ. ಆದಿಲಶಾಹಿ ಫರ್ಮಾನುಗಳು, ಅರಬ್ಬಿ ಮತ್ತು ಫಾರ್ಸಿ ಹಸ್ತಪ್ರತಿಗಳು, ಕಿರುಚಿತ್ರಗಳು, ನಾಣ್ಯಗಳು, ಪಿಂಗಾಣಿ ಪಾತ್ರೆಗಳು, ಬಿದರಿ ಕೆಲಸದ ವಸ್ತುಗಳು, ಆಯುಧಗಳು, ರತ್ನಗಂಬಳಿಗಳು ಇಲ್ಲಿವೆ. 1490ರ ಸುಮಾರಿನಿಂದ 1686ರ ವರೆಗೆ ಆಳಿದ ಒಂದು ಶ್ರೀಮಂತ ಮನೆತನದ ಅಭಿರುಚಿ ಇವುಗಳಲ್ಲಿ ವ್ಯಕ್ತವಾಗುತ್ತದೆ. ನೋಡುಗರು ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ಗಾಜಿನ ಕಪಾಟಿನೊಳಗೆ ಇಟ್ಟುದಕ್ಕೆಲ್ಲ ಬೆಲೆ ಹೆಚ್ಚೆಂಬ ಭಾವನೆ ಜನರಲ್ಲಿ ಬೇರೂರಿದೆ.

ಕೆಳ ಅಂತಸ್ತಿನಲ್ಲಿರುವುವು ಕಲ್ಲುಗಳು. ಕನ್ನಡ, ಸಂಸ್ಕೃತ, ಅರಬ್ಬಿ, ಫಾರ್ಸಿ ಭಾಷೆಗಳ ಶಾಸನಗಳು. ಶೈವ, ವೈಷ್ಣವ, ಜೈನ ಮೂರ್ತಿಗಳು. ವೀರಗಲ್ಲುಗಳು, ನಾಗಶಿಲೆಗಳು, ಗುಡಿಗಳ ಬಿಡಿಭಾಗಗಳು. ಕ್ರಿ.ಶ. ಆರೇಳನೆಯ ಶತಮಾನದಿಂದ ಹದಿನೆಂಟು ಹತ್ತೊಂಬತ್ತನೆಯ ಶತಮಾನದ ವರೆಗಿನ ಅವಧಿಯಲ್ಲಿ ಇವು ಹರಡಿಕೊಂಡಿವೆ. ಮೇಲಿನ ವಸ್ತುಗಳು ರಾಜಧಾನಿಯ ಸ್ವತ್ತಾದರೆ ಇವು ಹಳ್ಳಿಗಾಡಿನ ಬಾಳಿನವು. ಒಂದು ಕಾಲಕ್ಕೆ ಯಾವುದೋ ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತು ಅಲ್ಲಿಯ ಜನರಿಗೆ ಮಾತು ಹೇಳುತ್ತಿದ್ದಂತಹ ಕಲ್ಲುಗಳಿವು.

ಈ ಭೂಭಾಗದ ಪ್ರಾಚೀನ ಹೆಸರು ತರ್ದವಾಡಿ ಸಾಸಿರ. ಭೀಮಾತೀರದ ಇಂದಿನ ತದ್ದೇವಾಡಿಯೇ ಆ ನಾಡಿಗೆ ಹೆಸರನ್ನಿತ್ತ ತರ್ದವಾಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಬಸವನ ಬಾಗೇವಾಡಿ ಭಾಗದ ನರಸಲಗಿಯಲ್ಲಿ ದೊರೆತ 965ರ ಶಾಸನದಿಂದ, ತೈಲಪನು ರಾಷ್ಟ್ರಕೂಟರ ಅಧೀನದಲ್ಲಿ ಈ ತರ್ದವಾಡಿ ನಾಡನ್ನು ಜೀವಿತವಾಗಿ ಪಡೆದು ಆಳುತ್ತಿದ್ದನೆಂದು ತಿಳಿದುಬರುತ್ತದೆ. ಎಂಟು ವರ್ಷಗಳ ಬಳಿಕ, 973ರಲ್ಲಿ, ಅದೇ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಕಲ್ಯಾಣ ಚಾಲುಕ್ಯರ ಆಳ್ವಿಕೆಯನ್ನು ಸ್ಥಾಪಿಸಿದನು. ದಕ್ಷಿಣಾಪಥದ ಒಂದು ಸಾಮ್ರಾಜ್ಯ ಹೋಗಿ ಇನ್ನೊಂದು ಬಂದ ಮಹತ್ತರ ಘಟನೆಯ ಬೀಜ ಈ ಎರೆನೆಲದಲ್ಲಿತ್ತೆಂಬುದು ಒಂದು ಹಳ್ಳಿಯ ಕಲ್ಲಿನಿಂದ ತಿಳಿಯಿತು. ಬಸವಣ್ಣನವರ ವಿಷಯದಲ್ಲಿಯೂ ಹಾಗೆಯೇ. 1260ರ ಅರ್ಜುನವಾಡದ ಶಾಸನವು ಅವರ ತಂದೆ ಮಾದಿರಾಜನನ್ನೂ ತರ್ದವಾಡಿ ನಾಡಿನ ಬಾಗೇವಾಡಿಯನ್ನೂ ಹೆಸರಿಸುತ್ತದೆ. ಪುರಾಣಕಾವ್ಯಗಳು ಹೇಳಿದ ಮಾತಿಗೆ ಬೆಳಗಾವಿ ಜಿಲ್ಲೆಯ ಒಂದು ಊರಿನ ಶಿಲೆಯು ಹೀಗೆ ಸಾಕ್ಷಿ ನುಡಿಯಿತು.

ಇಂತಹ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕನು ಎಲ್ಲವನ್ನೂ ತೋರಿಸಹೊರಟರೆ ಏನನ್ನೂ ತೋರಿಸಿದಂತಾಗುವುದಿಲ್ಲ. ಒಂದು ವೀರಗಲ್ಲು, ಒಂದು ಶಾಸನ ಸಾಕು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಪುಸ್ತಕದ ಪುಟವನ್ನು ಓದುವಂತೆ ಮೇಲಿನಿಂದ ಕೆಳಕ್ಕಲ್ಲ. ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗಿನ ಹಂತದಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ. ಹಸುಗಳ ಸಾಲು ಕಂಡರೆ ಅದು ತುರುಗೋಳ್, ಎಂದರೆ ದನಗಳನ್ನು ಅಪಹರಿಸಿದ ವೈರಿಗಳೊಡನೆ ನಡೆದ ಹೋರಾಟ. ನಡುವಿನ ಹಂತದಲ್ಲಿ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿದ್ದಾನೆ. ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು. ಇದನ್ನು ಒಮ್ಮೆ ಮನಗಂಡ ವಿದ್ಯಾರ್ಥಿಯು ತನ್ನ ಊರಿಗೆ ಮರಳಿದ ಮೇಲೆ ಅಗಸೆಯ ಬಳಿ ಅರ್ಧ ಹೂತ ಕಲ್ಲನ್ನು ಹಿಂದಿನಂತೆ ನೋಡಲಾರನು. ಜನರು ಎಣ್ಣೆ ಹಾಕಿ ಗ್ರಾಮದೇವತೆಯೆಂದು ಪೂಜಿಸುವ ಎಷ್ಟೋ ಕಲ್ಲುಗಳು ಊರಿನ ದನಗಳನ್ನು ಉಳಿಸಲು ಪ್ರಾಣಕೊಟ್ಟ ಒಬ್ಬ ಮನುಷ್ಯನ ನೆನಪುಗಳು. ಮಡಿಸಿದ ತೋಳು, ಕೈತುಂಬ ಬಳೆ ಕೆತ್ತಿದ್ದರೆ ಅದು ಮಾಸ್ತಿಗಲ್ಲು.

ದಾನಶಾಸನದ ನೆತ್ತಿಯ ಮೇಲೆ ಲಿಂಗ, ಪೂಜಾರಿ, ಕರುವಿಗೆ ಹಾಲೂಡುವ ಹಸು, ಕತ್ತಿ, ಸೂರ್ಯ ಮತ್ತು ಚಂದ್ರ ಕಾಣಿಸುತ್ತವೆ. ಓದಲು ಬಾರದವನಿಗೂ ಈ ಚಿತ್ರಗಳಿಂದ ದಾನದ ಸಂಗತಿ ಹೊಳೆಯುತ್ತಿತ್ತು: ಸೂರ್ಯಚಂದ್ರರಿರುವ ತನಕ ಇದು ನಡೆಯಬೇಕು. ಬರಹದಲ್ಲಿ ಮೊದಲು ದೇವತಾಸ್ತುತಿ, ಬಳಿಕ ಅರಸನ ಹೆಸರು ಬಿರುದುಗಳು, ಕಾಲ, ದಾನಿಯ ಹೆಸರು, ಭೂಮಿಯ ಅಳತೆ, ಎಲ್ಲೆಗಳು. ಕೊನೆಯಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪ. ಕಾಲವನ್ನು ಶಕವರ್ಷದಲ್ಲಿ ಕೊಟ್ಟಿದ್ದರೆ ಅದಕ್ಕೆ 78 ಕೂಡಿಸಿದಲ್ಲಿ ಸಾಮಾನ್ಯವಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಏಳನೆಯ ಇಯತ್ತೆಯ ಬಾಲಕನೂ ಮಾಡಬಲ್ಲ ಲೆಕ್ಕವಿದು. ಅರಸನ ಬಿರುದುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಲೆಕ್ಕವನ್ನು ಕಲ್ಲಿನ ಮುಂದೆ ನಿಲ್ಲಿಸಿ ಮಾಡಿಸುವುದು ಲೇಸು.

ಆದರೆ ಇಷ್ಟರಿಂದ ಕಲ್ಲಿನ ವಿಷಯ ಮುಗಿಯುವುದಿಲ್ಲ. ಅದು ಎಲ್ಲಿಂದ ಬಂದಿತು ಎಂಬ ಪ್ರಶ್ನೆಯನ್ನು ಮಕ್ಕಳಿಂದಲೇ ಕೇಳಿಸಬೇಕು. ಮೂರ್ತಿಯೊಂದರ ಕೆಳಗೆ ಹೆಸರೂ ಶತಮಾನವೂ ಇದ್ದು ಊರು ಇಲ್ಲವಾದರೆ, ಆ ಮೂರ್ತಿಯ ಅರ್ಧ ಚರಿತ್ರೆ ಅಳಿದುಹೋದಂತೆಯೇ ಸರಿ. ಶಿಲ್ಪದ ಶೈಲಿಯಿಂದ ಕಾಲವನ್ನು ಊಹಿಸಬಹುದು, ಕೈಯಲ್ಲಿಯ ಆಯುಧಗಳಿಂದ ದೇವತೆಯನ್ನು ಗುರುತಿಸಬಹುದು. ಆದರೆ ಯಾವ ಗುಡಿಯ ಗರ್ಭಗೃಹದಿಂದ ಬಂದಿತು, ಅದನ್ನು ಯಾರು ಪೂಜಿಸಿದರು, ಆ ಊರಿನಲ್ಲಿ ಆ ಪಂಥ ಇದ್ದುದಕ್ಕೆ ಅದೇ ಏಕೈಕ ಸಾಕ್ಷಿಯೇ ಎಂಬ ಮಾತುಗಳನ್ನು ಕಲ್ಲು ತಾನಾಗಿ ಹೇಳಲಾರದು. ಒಮ್ಮೆ ಊರಿನ ಹೆಸರು ಕಳೆಯಿತೆಂದರೆ ಮರಳಿ ಪಡೆಯುವುದು ದುಸ್ಸಾಧ್ಯ.

ವಿಜಯಪುರವು ಈ ಬಗೆಯ ಕಳೆತವನ್ನು ಬಲ್ಲ ನಗರ. ಆಸಾರ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಗ್ರಂಥಭಂಡಾರದ ನಾನೂರಕ್ಕೂ ಮಿಕ್ಕ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿನ ಕಂಪನಿ ಸರಕಾರದ ಗ್ರಂಥಾಲಯಕ್ಕೆ ಸಾಗಿದವು; ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಅವು ಸುರಕ್ಷಿತವಾಗಿವೆ ಎನ್ನುವುದನ್ನೂ ಒಪ್ಪಬೇಕು, ವಿಜಯಪುರದ ಮಗುವಿಗೆ ಅವು ದೂರವಾದುವು ಎನ್ನುವುದನ್ನೂ ಮರೆಯಬಾರದು. ಮರುವರ್ಷದ ಒಂದು ಪ್ರಸಂಗವಂತೂ ಇನ್ನೂ ವಿಚಿತ್ರ. ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದದ್ದು. ತೂಕ ಸುಮಾರು 55 ಟನ್. 1854ರಲ್ಲಿ ಸಾತಾರೆಯ ಕಮಿಶನರರ ಆಜ್ಞೆಯಂತೆ ವಿಜಾಪುರದಲ್ಲಿದ್ದ ನಿರುಪಯೋಗಿ ಸರಕಾರಿ ಸಾಮಾನುಗಳನ್ನು ಹರಾಜಿಗಿಟ್ಟಾಗ ಈ ತೋಪೂ ಅವುಗಳಲ್ಲಿ ಸೇರಿತು. ಅದಕ್ಕೆ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಬೆಲೆ ತೀರ ಅಲ್ಪವಾಯಿತೆಂದೂ ಜನರಿಗೆ ಈ ತೋಪಿನ ಮೇಲೆ ಪೂಜ್ಯಭಾವವಿದೆಯೆಂದೂ ಸ್ಥಳೀಯ ಅಧಿಕಾರಿಯು ಮೇಲಕ್ಕೆ ಬರೆದುದರಿಂದ ಮಾರಾಟ ನಿಂತಿತು. ಇಲ್ಲವಾದಲ್ಲಿ ಆ ಕಂಚು ಎಷ್ಟು ಮನೆಗಳ ಹಂಡೆ ಬಿಂದಿಗೆಗಳಾಗುತ್ತಿತ್ತೋ ಬಲ್ಲವರಾರು? ಒಬ್ಬ ಕೆಳದರ್ಜೆಯ ನೌಕರನ ಒಂದು ಪತ್ರವು ರಾಜ್ಯದ ಆಸ್ತಿಯೊಂದನ್ನು ಉಳಿಸಿತು.

ಒಂದು ಕಲ್ಲು ತನ್ನ ಊರಿನೊಡನೆ ಸಂಬಂಧವನ್ನು ಕಳೆದುಕೊಳ್ಳದೆ ಉಳಿದರೆ ಎಷ್ಟು ಮಾತನಾಡಬಲ್ಲದು ಎಂಬುದಕ್ಕೆ ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನದಂತಹ ಉದಾಹರಣೆ ಬೇರೊಂದಿಲ್ಲ. ಶಾಲೆಯೊಂದರ ಸ್ಮರಣಸಂಚಿಕೆಯನ್ನು ಓದುವವರಂತೂ ಅದನ್ನು ಅರಿಯದೆ ಇರಲಾಗದು; ಏಕೆಂದರೆ ಅದು ಒಂದು ಶಾಲೆಯ ಶಾಸನ.

ಶಾಸನದ ಕಾಲ ಶಕ 867, ಎಂದರೆ ಕ್ರಿ.ಶ. 945. ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲವದು. ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣವೆಂದು ಶಾಸನವು ಹೇಳುತ್ತದೆ. ಖಗೋಳದ ಗಣಿತದಿಂದ ಪರೀಕ್ಷಿಸಿದಾಗ ಇದು 945ನೆಯ ಸಪ್ಟೆಂಬರ್ 9ಕ್ಕೆ ಸರಿಹೊಂದುತ್ತದೆ, ಅಂದು ಮಂಗಳವಾರವೇ. ಸಾವಿರಕ್ಕೂ ಮೇಲ್ಪಟ್ಟು ವರ್ಷಗಳ ಹಿಂದಿನ ಒಂದು ದಿನವನ್ನು ಹೀಗೆ ಬೆರಳಿಟ್ಟು ತೋರಿಸಲು ಬರುವುದು ವಿಜ್ಞಾನದ ಅಧ್ಯಾಪಕರಿಗೂ ಒಂದು ಪಾಠಕ್ಕೆ ಸಾಕಾದ ವಸ್ತು.

ಅಂದಿನ ಊರ ಹೆಸರು ಪಾವಿಟ್ಟಗೆ. ಕೃಷ್ಣನ ಸಂಧಿವಿಗ್ರಹಿ ಮಂತ್ರಿಯಾದ ನಾರಾಯಣನು ಅಲ್ಲಿಯ ತ್ರೈಪುರುಷ ದೇವಾಲಯದಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರು ವಾಸವಾಗಿರಲು 27 ಮನೆಗಳು, ಅವರ ಪೋಷಣೆಗೆ 500 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. ದೀಪಕ್ಕೆಂದು ಪ್ರತ್ಯೇಕವಾಗಿ ಭೂಮಿಯನ್ನು ತೆಗೆದಿಟ್ಟುದು ವಿಶೇಷವಾಗಿ ಗಮನಾರ್ಹ. ಅದರಲ್ಲಿ ಒಂದು ಪಾಲು ದೇವರ ನಂದಾದೀಪಕ್ಕೆ ಹೋಗಿರಬಹುದು. ಆದರೆ ಕತ್ತಲಾದ ಮೇಲೆಯೂ ಓದು ನಡೆಯುತ್ತಿದ್ದ ಶಾಲೆಯ ಚಿತ್ರ ಕಣ್ಣಮುಂದೆ ಕಟ್ಟದೆ ಇರುವುದಿಲ್ಲ.

ಮಂತ್ರಿಯ ಕಟ್ಟಡ, ಭೂದಾನ ಇವುಗಳಿಗಿಂತಲೂ ಹೆಚ್ಚು ಮನಸ್ಸನ್ನು ಹಿಡಿಯುವುದು ಶಾಸನದ ಇನ್ನೊಂದು ಭಾಗ. ಶಾಲೆಯ ಭಾರವನ್ನು ಒಬ್ಬ ದಾನಿಯ ಮೇಲೆಯೇ ಬಿಡದೆ ಊರಿನವರೂ ಕಟ್ಟಳೆ ಮಾಡಿಕೊಂಡರು. ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ; ಉಪನಯನವಾದರೆ ಅದರ ಅರ್ಧ, ಎಂದರೆ ಎರಡೂವರೆ; ಚೌಲಕ್ಕೆ ಒಂದೂಕಾಲು. ಯಾವ ಕಾರಣದಿಂದಲಾದರೂ ಔತಣ ನಡೆದರೆ ಯಥಾಶಕ್ತಿ ಶಾಲೆಯ ಜನರಿಗೂ ಊಟ ಹಾಕತಕ್ಕದ್ದು. ಊರಿನ ಪ್ರತಿಯೊಂದು ಮನೆಯ ಸಂತೋಷದಲ್ಲಿಯೂ ಶಾಲೆಗೆ ಒಂದು ಪಾಲು! ಇಂದಿನ ಶಾಲಾ ಆಡಳಿತದವರು ರಸೀದಿ ಪುಸ್ತಕ ಹಿಡಿದು ಮದುವೆಯ ಚಪ್ಪರಗಳಿಗೆ ಹೋಗುವುದನ್ನು ಯಾರಾದರೂ ಹೊಸ ಪದ್ಧತಿಯೆಂದು ಆಕ್ಷೇಪಿಸಿದರೆ ಸಾಲೋಟಗಿಯ ಕಂಬವನ್ನು ತೋರಿಸಬಹುದು.

ಈ ಊರಿನ ಹೆಸರಿನಲ್ಲಿಯೇ ಶಾಲೆ ಅಡಗಿದೆಯೆಂದು ವಿದ್ವಾಂಸರ ಅಭಿಪ್ರಾಯ. ಶಾಲಾ-ಪಾವಿಟ್ಟಗೆ ಎಂಬುದು ಜನರ ಬಾಯಲ್ಲಿ ಸವೆದು ಸವೆದು ಸಾಲೋಟಗಿ ಆಗಿದೆ. ಮಂತ್ರಿಯ ಶಾಲೆ ಬಿದ್ದಿತು. 27 ಮನೆಗಳ ಗುರುತಿಲ್ಲ. 500 ನಿವರ್ತನ ಭೂಮಿಯ ಎಲ್ಲೆಗಳು ಎಂದೋ ಬೆರೆತುಹೋದುವು. ಆದರೆ ಶಾಲೆಯ ಹೆಸರನ್ನೇ ಊರಿನ ಹೆಸರಾಗಿ ಹೊತ್ತು ತಿರುಗುತ್ತಿದ್ದ ಜನರಿಗೆ ಅದರ ಅರ್ಥ ಶತಮಾನಗಳ ಕಾಲ ತಿಳಿದಿರಲಿಲ್ಲ. ಅರ್ಥವು ಮರಳಿ ತೆರೆದುದು ಶಾಸನವನ್ನು ಓದಿ ಪ್ರಕಟಿಸಿದ ಮೇಲೆ. ಅದೇ ಕಂಬದ ಮೇಲೆ ಮುಂದಿನ ಕಾಲದ ಕನ್ನಡ ಬರಹವೂ ಇದೆ. ಕಂಬವು ಯಾವ ಊರಿನದೆಂದು ಗುರುತಿಲ್ಲದೆ ಎಲ್ಲಿಯೋ ಒಂದು ಸಂಗ್ರಹದಲ್ಲಿ ಇದ್ದಿದ್ದರೆ ಪಾವಿಟ್ಟಗೆಯನ್ನು ಯಾರು ಎಲ್ಲಿ ಹುಡುಕಬೇಕಾಗಿತ್ತು? ಹೆಸರು ಕಲ್ಲಿನಲ್ಲಿದ್ದರೂ ನೆಲದ ಮೇಲೆ ಅದಕ್ಕೆ ನೆಲೆ ಸಿಗುತ್ತಿರಲಿಲ್ಲ.

ಅಗರಖೇಡದ ಹೆಸರನ್ನೂ ಇದೇ ರೀತಿ ಬಿಡಿಸಿ ನೋಡಬಹುದು. ಅಗ್ರಹಾರ ಎಂಬುದರ ತದ್ಭವರೂಪ ಅಗರ. ಖೇಟ ಎಂದರೆ ಗ್ರಾಮ, ಚಿಕ್ಕ ಪಟ್ಟಣ. ಮಾನ್ಯಖೇಟವು ಮಳಖೇಡವಾದಂತೆ ಖೇಟವು ಖೇಡವಾಗುತ್ತದೆ. ಹೀಗೆ ಬಿಡಿಸಿದಲ್ಲಿ ಅಗರಖೇಡವು ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟಿದ್ದ ಒಂದು ಗ್ರಾಮವಾಗುತ್ತದೆ. ಸಾಲೋಟಗಿಯಂತಹ ವಿದ್ಯಾಸ್ಥಾನವಿದ್ದ ಇದೇ ತಾಲೂಕಿನಲ್ಲಿ ಇದು ಅಸಂಭವವೇನೂ ಅಲ್ಲ. ಆದರೆ ಹೆಸರುಗಳನ್ನು ಬಿಡಿಸುವುದು ಸುಲಭದ ವಿನೋದ. ಶಬ್ದವು ಸೂಚಿಸಬಹುದು, ಸಿದ್ಧಪಡಿಸಲಾರದು. ಊರಿನ ಹಳೆಯ ರೂಪವನ್ನು ಸ್ಪಷ್ಟವಾಗಿ ಹೇಳಬಲ್ಲದ್ದು ಅಲ್ಲಿಯ ಮತ್ತು ನೆರೆಯೂರುಗಳ ಕಲ್ಲುಗಳೇ. ಆದ್ದರಿಂದಲೇ ಭೀಮಾತೀರದ ಊರುಗಳಲ್ಲಿ ಈಗ ಉಳಿದಿರುವ ಶಿಲೆಗಳ ಸ್ಥಿತಿಗತಿ ಬರಿಯ ಪುರಾತತ್ತ್ವಜ್ಞರ ಚಿಂತೆಯಾಗಿ ಉಳಿಯತಕ್ಕದ್ದಲ್ಲ.

ಆ ಸ್ಥಿತಿ ಸಮಾಧಾನಕರವಾಗಿಲ್ಲ. ನದಿಯ ಭಯ ಒಂದು: 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ಇಂಡಿ, ಸಿಂದಗಿ ಭಾಗದ ತೀರದ ಊರುಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಉಳಿಯುವ ಎರೆಮಣ್ಣು ಚಿಕ್ಕ ಕಲ್ಲುಗಳನ್ನು ಹೂತುಬಿಡುತ್ತದೆ. ಆದರೆ ನದಿಗಿಂತ ಹೆಚ್ಚಿನ ಹಾನಿ ಭಕ್ತಿಯಿಂದಲೇ ಆಗುತ್ತಿರುವುದು ವಿಷಾದದ ಸಂಗತಿ. ಗುಡಿಯ ಜೀರ್ಣೋದ್ಧಾರವೆಂದರೆ ಗೋಡೆಗೆ ಎಣ್ಣೆಬಣ್ಣ, ನೆಲಕ್ಕೆ ಹೊಳೆಯುವ ಫರಸಿ ಎಂಬ ತಿಳಿವಳಿಕೆ ಎಲ್ಲೆಡೆ ಹಬ್ಬಿದೆ. ಗೋಡೆಯಲ್ಲಿದ್ದ ಶಾಸನದ ಮೇಲೆ ಬಣ್ಣ ಬಳಿದರೆ ಅಕ್ಷರಗಳ ತಗ್ಗು ತುಂಬಿಕೊಳ್ಳುತ್ತದೆ. ಸುಣ್ಣವನ್ನಾದರೂ ತೊಳೆದು ತೆಗೆಯಬಹುದು, ಎಣ್ಣೆಬಣ್ಣವನ್ನು ತೆಗೆಯಲು ಹೋದರೆ ಕಲ್ಲಿನ ಮೈಯೇ ಕಿತ್ತುಬರುತ್ತದೆ. ಇನ್ನು ಬಾವಿಯ ಕಟ್ಟೆಗೆ ಬಟ್ಟೆ ಒಗೆಯುವ ಕಲ್ಲಾಗಿ, ದನದ ಕೊಟ್ಟಿಗೆಯ ಮೆಟ್ಟಿಲಾಗಿ ಸವೆದುಹೋದ ಬರಹಗಳಿಗೆ ಲೆಕ್ಕವಿಲ್ಲ.

ಹಾಗಾದರೆ ಎಲ್ಲವನ್ನೂ ಎತ್ತಿ ನಗಾರಖಾನೆಗೆ ಒಯ್ಯುವುದು ಉಚಿತವೇ? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪೂಜೆಯಲ್ಲಿರುವ ಕಲ್ಲನ್ನು ಊರವರು ಬಿಡಲಾರರು, ಬಿಡಿಸುವುದೂ ಸರಿಯಲ್ಲ. ಊರಿನ ಮಧ್ಯದಲ್ಲಿ ನಿಂತು ಎಲ್ಲೆಗಳನ್ನು ಹೇಳುವ ದಾನಶಾಸನಕ್ಕೆ ಆ ನೆಲವೇ ಅರ್ಥ. ಆದರೆ ಒಡೆದು ಬಿದ್ದಿರುವ, ಕಾಯುವವರಿಲ್ಲದ, ಕಳ್ಳರ ಕಣ್ಣು ಬಿದ್ದಿರುವ ಮೂರ್ತಿಯನ್ನು ಊರಿನಲ್ಲಿಯೇ ಬಿಟ್ಟು ಕಳೆದುಕೊಳ್ಳುವುದಕ್ಕಿಂತ ಸಂಗ್ರಹಾಲಯಕ್ಕೆ ಕೊಡುವುದು ಮೇಲು. ಕೊಡುವಾಗ ಅದು ಯಾವ ಊರಿನ, ಯಾವ ಸ್ಥಳದ್ದು, ಯಾವ ದಿಕ್ಕಿಗೆ ಮುಖಮಾಡಿ ನಿಂತಿತ್ತು, ಅದರ ಪಕ್ಕದಲ್ಲಿ ಮತ್ತೇನಿತ್ತು ಎಂಬುದನ್ನು ಬರೆದು, ಛಾಯಾಚಿತ್ರ ತೆಗೆದು, ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಯಲ್ಲಿಯೂ ಒಂದನ್ನು ಶಾಲೆಯಲ್ಲಿಯೂ ಇಡುವುದು ಅವಶ್ಯ. ಕಾಯಿದೆಯೂ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ ಶಿಲ್ಪ ಮುಂತಾದವು, ಎಪ್ಪತ್ತೈದು ವರ್ಷಕ್ಕೂ ಹಳೆಯದಾದ ಮಹತ್ವದ ಹಸ್ತಪ್ರತಿಗಳು ಪುರಾವಸ್ತುಗಳೆನಿಸುತ್ತವೆ. ಪರವಾನಿಗೆಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಹೊರದೇಶಕ್ಕೆ ಸಾಗಿಸುವಂತಿಲ್ಲ. ನೆಲ ಅಗೆಯುವಾಗ ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂದು ನಿಖಾತನಿಧಿಯ ಕಾಯಿದೆ ಹೇಳುತ್ತದೆ. ಈ ಕಾಯಿದೆಗಳ ಅರಿವು ಹಳ್ಳಿಗಳಲ್ಲಿ ಅತ್ಯಲ್ಪ. ಅರಿವಿದ್ದವರಲ್ಲಿಯೂ ಅಂಜಿಕೆಯೇ ಹೆಚ್ಚು.

ಕಲ್ಲಿನಂತೆ ಓಲೆಯೂ ಇದೇ ಅಪಾಯದಲ್ಲಿತ್ತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆ ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ, ಆದರೆ ಯಾರೂ ಬಿಚ್ಚದೆ ಗೆದ್ದಲಿಗೆ ಆಹಾರವಾಗುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಅರಸಿ ಊರೂರು ಅಲೆದರು. ಓದಿ, ಪ್ರತಿಮಾಡಿ, ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮುದ್ರಣಕ್ಕೆ ಅನುಕೂಲವಿಲ್ಲದಾಗ ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆ ಪ್ರಾರಂಭವಾಯಿತು. ಅವರ ಹೆಸರಿನ ಸಂಶೋಧನ ಕೇಂದ್ರವನ್ನು ವಿಜಯಪುರದಲ್ಲಿ ಅವರೇ ಕಟ್ಟಿ ಬೆಳೆಸಿದ ಬಿ.ಎಲ್.ಡಿ.ಇ. ಸಂಸ್ಥೆಯು ನಡೆಸುತ್ತಿದೆ. ನಗಾರಖಾನೆಯನ್ನು ನೋಡಿದ ವಿದ್ಯಾರ್ಥಿಗಳನ್ನು ಅಲ್ಲಿಗೂ ಕರೆದೊಯ್ದರೆ ಕಲ್ಲಿನ ಅಕ್ಷರಕ್ಕೂ ಓಲೆಯ ಅಕ್ಷರಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಉಳಿಯು ಕಲ್ಲಿನಲ್ಲಿ ನೇರಗೆರೆಯನ್ನು ಹೆದರದೆ ಎಳೆಯುತ್ತದೆ. ಓಲೆಯ ಮೇಲೆ ಕಂಟವು ನಾರಿನುದ್ದಕ್ಕೆ ಗೆರೆಯೆಳೆದರೆ ಓಲೆ ಸೀಳುವ ಭಯ. ಕನ್ನಡ ಲಿಪಿ ದುಂಡಾಗಲು ಇದೂ ಒಂದು ಕಾರಣವೆಂದು ಹೇಳುತ್ತಾರೆ.

ಊರಿನ ಕಲ್ಲುಗಳ ದಾಖಲೆಗೆ ಶಾಲೆಯಷ್ಟು ಅನುಕೂಲವಾದ ಸಂಸ್ಥೆ ಇನ್ನೊಂದಿಲ್ಲ. ಅಲ್ಲಿಗೆ ಸುತ್ತಲಿನ ಹತ್ತಾರು ಹಳ್ಳಿಗಳ ಮಕ್ಕಳು ಬರುತ್ತಾರೆ; ತಮ್ಮ ಊರಿನ ಯಾವ ಕಟ್ಟೆಯಲ್ಲಿ ಯಾವ ಕಲ್ಲಿದೆಯೆಂದು ದೊಡ್ಡವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಪ್ರತಿ ಊರಿಗೆ ಒಂದು ವಹಿ, ಪ್ರತಿ ಕಲ್ಲಿಗೆ ಒಂದು ಪುಟ. ಇರುವ ಸ್ಥಳ, ಎತ್ತರ ಅಗಲ, ಬರಹದ ಸಾಲುಗಳ ಸಂಖ್ಯೆ, ಊರವರು ಅದನ್ನು ಕರೆಯುವ ಹೆಸರು. ಈ ಕೊನೆಯದನ್ನು ಬಿಡಕೂಡದು. ಹಳೆಯ ವಿದ್ಯಾರ್ಥಿಗಳಲ್ಲಿ ಒಳ್ಳೆಯ ಛಾಯಾಗ್ರಹಣ ಬಲ್ಲವರಿದ್ದಾರೆ. ಕಾಗದ ಮಸಿಗಳ ಖರ್ಚು ದೊಡ್ಡದಲ್ಲ.

ಕಲ್ಲಿನ ಬರಹವನ್ನು ಓದಲು ನಡುಹಗಲು ತಕ್ಕ ಕಾಲವಲ್ಲ. ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರಗಳ ತಗ್ಗುಗಳಲ್ಲಿ ನೆರಳು ನಿಂತು ಸಾಲುಗಳು ಎದ್ದುಕಾಣುತ್ತವೆ. ಗುಡಿಯೊಳಗಿನ ಕತ್ತಲೆಯಲ್ಲಾದರೆ ಬ್ಯಾಟರಿಯನ್ನು ಪಕ್ಕದಿಂದ ಹಿಡಿದರೂ ಅದೇ ಫಲ. ಖಡುವನ್ನು ತಿಕ್ಕುವುದು, ಮೊಳೆಯಿಂದ ಅಕ್ಷರ ತಿದ್ದುವುದು ಸಲ್ಲದು. ಬಲ್ಲವರ ಮಾರ್ಗದರ್ಶನವಿದ್ದಲ್ಲಿ ಮಸಿಯಚ್ಚು ತೆಗೆಯಬಹುದು. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಮೊದಲು ಬೇಕು. ಕಲ್ಲನ್ನು ನೀರಿನಿಂದ ತೊಳೆದು, ತೆಳುವಾದ ಗಟ್ಟಿ ಕಾಗದವನ್ನು ನೆನೆಸಿ ಅದರ ಮೈಗೆ ಹಚ್ಚುತ್ತಾರೆ. ಬ್ರಷ್ಷಿನಿಂದ ಮೆಲ್ಲಗೆ ಬಡಿದಂತೆ ಕಾಗದವು ಪ್ರತಿಯೊಂದು ಅಕ್ಷರದ ತಗ್ಗಿಗೂ ಇಳಿಯುತ್ತದೆ. ಅರೆ ಆರಿದ ಮೇಲೆ ಬಟ್ಟೆಯ ಚೆಂಡಿಗೆ ಮಸಿ ತಾಗಿಸಿ ಒತ್ತುತ್ತ ಹೋದರೆ ಉಬ್ಬಿದ ಭಾಗವೆಲ್ಲ ಕಪ್ಪಾಗಿ, ತಗ್ಗಿನಲ್ಲಿದ್ದ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಪೂರ್ತಿ ಆರಿದ ಬಳಿಕ ಮೇಲಿನ ತುದಿಯಿಂದ ನಿಧಾನವಾಗಿ ಬಿಡಿಸಬೇಕು. ಬಿಡಿಸಿದೊಡನೆ ಹಾಳೆಯ ಹಿಂಬದಿಯಲ್ಲಿ ಸೀಸಕಡ್ಡಿಯಿಂದ ತಾರೀಖನ್ನೂ, ಅದಕ್ಕೂ ಮೊದಲು ಊರಿನ ಹೆಸರನ್ನೂ ಬರೆದಿಡುವುದು ರೂಢಿ.